ಗಾಡಿಗಳಿಲ್ಲದ ಬೀದಿ

ಕಟ್ಟುಹಲ್ಲಿನ ಸೆಟ್ ಮಾಡುವ ಕೆಲಸದವನಾದ್ದರಿಂದ ಗೆಳೆಯರು ಅವನನ್ನು ಹಲ್ಲಪ್ಪ ಎನ್ನುತ್ತಿದ್ದರು. ಊರಿಗೆಲ್ಲ ಹಲ್ಲು ಕೂರಿಸುವ ಈ ಮನುಷ್ಯ ತಾನು ಹಲ್ಲು ಬಿಡುವುದು ಮಾತ್ರ ಅಪರೂಪ. ಮನೆಯ ಪರಿಸ್ಥಿತಿ ಹಾಗಿತ್ತು. ರಸ್ತೆ ದಾಟುವಾಗ ತಂಗಿಗೆ ವ್ಯಾನೊಂದು ಗುದ್ದಿತ್ತು. ಮುರಿದ ಕಾಲು ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ಹಾರ್ನ್ ಕೇಳಿದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು.

ಹೀಗಿರುವಾಗ ಅವನು ಅವಳಿಗೊಂದು ಗೇಮ್ ಕೊಂಡ. ಊರೊಂದರಲ್ಲಿ ಸುಮ್ಮನೆ ಓಡಾಡುವ ಆಟ. ಇನ್ನೂ ತಯಾರಾಗುತ್ತಿರುವಾಗಲೇ ಮಾರಾಟಕ್ಕಿಟ್ಟದ್ದು.

"ಮುಗಿದೇ ಇಲ್ಲದ್ದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ?" ಎಂದಳು ತಂಗಿ.

"ನಾವು ಮೇಣದಲ್ಲಿ ಹಲ್ಲು ಜೋಡಿಸಿ ಮೊದಲು ಬಾಯಿಗಿಟ್ಟು ನೋಡಲ್ವಾ? ಹಾಗೇ ಇದು. ಅಗ್ಗಕ್ಕೆ ಸಿಗುತ್ತೆ. ಇಲ್ಲಿ ಚುಚ್ಚುತ್ತೆ, ಅಲ್ಲಿ ಸಡಿಲ ಅಂದ್ರೆ ತಿದ್ದುತ್ತಾರೆ."

"ಮೇಣದ ಹಲ್ಲಲ್ಲಿ ಅಗಿಯೋಕಾಗಲ್ಲ ಅಂತ ನೀನೇ ಹೇಳ್ತೀಯ. ಅವರು ಅರ್ಧಕ್ಕೇ ಕೈಬಿಟ್ರೆ?"

"ಬಿಟ್ರೆ ಬಿಡ್ಲಿ!"

ಅವನಿಗೆ ಬೇಕಾಗಿದ್ದುದೇ ಅದು. ಆ ಊರಿಗೆ ಇನ್ನೂ ಗಾಡಿಗಳನ್ನು ಹಾಕಿರಲಿಲ್ಲ.

ಆಟವೇನೋ ಅಧ್ವಾನವೇ. ಬಾಗಿಲುಗಳು ತೆರೆಯುತ್ತಿರಲಿಲ್ಲ, ಒಮ್ಮೊಮ್ಮೆ ಆಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ದುಡ್ಡು ಕೊಟ್ಟ ಬೇರೆಯವರು ಬಾಯಿಗೆ ಬಂದಂತೆ ಬರೆದು ಬೈಯುತ್ತಿದ್ದರು. ತಂಗಿ ಮಾತ್ರ ಆ ಖಾಲಿ ಬೀದಿಗಳಲ್ಲಿ ರಾಣಿಯಂತೆ ತಿರುಗಿದಳು. ಒಂದು ದಿನ ಕಿಟಕಿಯ ಪರದೆ ತಾನೇ ಸರಿಸಿ ಹೊರಗಿನ ರಸ್ತೆ ನೋಡಿದಳು. ಹಲ್ಲಪ್ಪನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಪ್ರಕಟಣೆ ಬಂತು: ಮುಂದಿನ ಅಪ್‌ಡೇಟಿನಲ್ಲಿ ವಾಹನಗಳು. ಉಳಿದವರೆಲ್ಲ ಕುಣಿದಾಡಿದರು. ಇವನು ಮಾತ್ರ ದಯವಿಟ್ಟು ಬೇಡ ಎಂದು ಆಟ ತಯಾರಿಸುವವರಿಗೆ ಬರೆದ. ಆಟ ಮುಗಿಸುವುದೇ ನಮ್ಮ ಗುರಿ ಎಂಬ ಉತ್ತರ ಬಂತು. ಮುಗಿಸಬೇಡಿ ಎಂದು ಗೋಗರೆದ ಗಿರಾಕಿ ಅವರಿಗೆ ಇವನೊಬ್ಬನೇ ಇದ್ದಿರಬೇಕು. ಆಟ ತಾನಾಗಿ ಅಪ್‌ಡೇಟ್ ಆಗದಂತೆ ತಡೆದು ಕೆಲಸಕ್ಕೆ ಹೋದರೂ ಜೀವ ಮನೆಯಲ್ಲೇ. ಯಾರದೋ ಕೋರೆಹಲ್ಲನ್ನು ಹಿಂದುಮುಂದಾಗಿ ಕೂರಿಸಿ ಬೈಸಿಕೊಂಡ.

ಒಂದು ಸಂಜೆ ಬಾಗಿಲು ತೆರೆದರೆ ಒಳಗಿನಿಂದಲೇ ಹಾರ್ನ್!

"ಹೊಸದು ಬಂದಿದೆ ಅಂತ ತೋರಿಸ್ತು, ಒತ್ತಿಬಿಟ್ಟೆ" ಎಂದಳು ತಂಗಿ. ಮುಖ ಬಿಳಿಚಿಕೊಂಡಿತ್ತು, ಬೆರಳು ನಡುಗುತ್ತಿತ್ತು. ಸ್ಕ್ರೀನ್ ತುಂಬ ಲಾರಿ, ಬಸ್ಸು. ಅವನು ಪ್ಲಗ್ ಕೀಳಲು ಧಾವಿಸಿದ.

"ಮುಟ್ಟಬೇಡಣ್ಣ!"

ಲಾರಿ ನೇರ ಅವಳ ಮೇಲೇ ಬಂತು. ಹಲ್ಲಪ್ಪ ಕಣ್ಣು ಮುಚ್ಚಿದ. ತೆರೆದಾಗ ಲಾರಿ ಆಟದಲ್ಲಿನ ಅವಳ ಬೊಂಬೆಯ ಮೈಯೊಳಗಿಂದ ತೂರಿ ಆಚೆ ಹೋಗುತ್ತಿತ್ತು. ಗುದ್ದುವುದನ್ನು ಆಟದವರು ಇನ್ನೂ ತಯಾರಿಸಿರಲಿಲ್ಲ.

ಅವಳು ಮತ್ತೆ ರಸ್ತೆಯ ನಡುವೆ ನಿಂತಳು. ಬಸ್ಸು ಹಾದುಹೋಯಿತು, ವ್ಯಾನೂ ಹಾದುಹೋಯಿತು. ನಡುಕ ನಿಲ್ಲುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಕುರ್ಚಿಯಿಂದ ಎದ್ದಳು.

"ಅಣ್ಣಾ, ನನ್ನ ಚಪ್ಪಲಿ ಎಲ್ಲಿಟ್ಟಿದ್ದೀಯ? ಎದುರಿನ ಅಂಗಡಿಗೆ ಹೋಗಿಬರೋಣ."

ಇಷ್ಟು ಕಾಲ ಈ ಒಂದು ಮಾತಿಗಾಗಿ ಅವನು ಕಾದಿದ್ದ. ಚಪ್ಪಲಿ ಹುಡುಕಿ ತಂದು ಅವಳ ಕಾಲ ಬಳಿ ಇಟ್ಟ. ಹೊರಗೆ ನಿಜವಾದ ಲಾರಿಯೊಂದು ಕಿಟಕಿಯ ಗಾಜು ಅದುರಿಸುತ್ತ ಹೋಯಿತು. ತಂಗಿ ಬಾಗಿಲ ಬಳಿ ಕಾಯುತ್ತಿದ್ದಳು. ಚಿಲಕ ತೆಗೆಯಲು ಅಣ್ಣನಿಗೆ ಕೈಯೇ ಏಳಲಿಲ್ಲ.