ಬಸಳೆ ಹಬ್ಬಿದ ಕೋಲು

ಕಳೆದ ಮಂಗಳವಾರ ಬಸಳೆ ಕೊಯ್ಯಲು ಹಿತ್ತಲಿಗೆ ಹೋದ ನನ್ನ ಹೆಂಡತಿ, ಬಸಳೆಯ ಜೊತೆಗೆ ನನ್ನ ಕೈಕೋಲನ್ನೂ ಹಿಡಿದುಕೊಂಡು ಬಂದಳು.

ಹೌದು, ಅದೇ ಕೋಲು. ಬೆಳ್ಳಿಯ ಹಿಡಿಕೆಯದು. ಕಾರವಾರದ ಕೋರ್ಟಿನಲ್ಲಿ ಕಾರಕೂನಿಕೆ ಮುಗಿಸಿ ಪೆನ್ಶನ್ ಮೇಲೆ ಹೊರಟ ದಿನ ಜೊತೆಯವರು ಕೊಟ್ಟದ್ದು. ಅದು ಕಳುವಾಯಿತೆಂದು ನವರಾತ್ರಿಯ ಹೊತ್ತಿಗೆ ಪೇಪರಿನ ಇದೇ ಜಾಗದಲ್ಲಿ ಉದ್ದಕ್ಕೆ ಬರೆದಿದ್ದೆನಲ್ಲ? ಓದಿದವರು ದಾರಿಯಲ್ಲಿ ನಿಲ್ಲಿಸಿ ಮರುಗಿದ್ದಿರಲ್ಲ?

ಕಳುವಾಗಿರಲಿಲ್ಲ.

ಚೌತಿ ಕಳೆದ ವಾರ ಗಾಳಿಗೆ ಬಸಳೆ ಚಪ್ಪರದ ಒಂದು ಗೂಟ ಮುರಿದಿತ್ತು. ಸದ್ಯಕ್ಕೆ ಇರಲಿ ಎಂದು ಕೈಯಲ್ಲಿದ್ದ ಕೋಲನ್ನೇ ಅಲ್ಲಿ ಊರಿದವನು ನಾನು. ಮರೆತವನೂ ನಾನು. ಬಳ್ಳಿ ಅದನ್ನು ಸುತ್ತಿತು. ಬೆಳ್ಳಿ ಮಳೆಗೆ ಕಪ್ಪಾಯಿತು. ಮಳೆ ನಿಂತ ಮೇಲೆ ದಿನಾ ಬೆಳಿಗ್ಗೆ ಅದರ ಬುಡಕ್ಕೆ ನೀರು ಹೊಯ್ದೆ (ಹಿತ್ತಲಿನ ಉಸಾಬರಿ ಪೂರ್ತಿ ನನ್ನದು, ಮೊನ್ನೆ ನನ್ನ ಮೊಣಕಾಲು ಹಿಡಿದದ್ದರಿಂದ ಅವಳು ಹೋದದ್ದು). ಆ ಕೋಲಿಗೆ ಹಬ್ಬಿದ ಎಲೆಯನ್ನೇ ಕೊಯ್ದು, ಕೇಣಿಯ ಸಿಗಡಿ ಹಾಕಿಸಿ, ಎರಡು ಸಲ ಬಡಿಸಿಕೊಂಡು ಉಂಡೆ. ಕೋಲು ಮಾತ್ರ ಕಾಣಲಿಲ್ಲ.

"ಕಣ್ಣ ಅಂಬುದು ಚಾಳೀಸು ಸಿಕ್ಕಿಸೂಕೆ ಮಾತ್ರ ಇಟ್ಕಂಡದ್ದಾ?" ಎಂದಳು ಹೆಂಡತಿ. ಕೋಲನ್ನು ಗೋಡೆಗೆ ಆನಿಸಿಟ್ಟು, "ಹೊನ್ನನ ಮೋರೆ ಇನ್ನ ಹೆಂಗೆ ನೋಡ್ತ್ರಿ?" ಎಂದಳು.

ಎದುರಿಗಿದ್ದದ್ದು ನನಗೆ ಕಾಣದಿರುವುದು ಹೊಸತಲ್ಲ. ವಯಸ್ಸಿನ ಮೇಲೆ ಹಾಕುವಂತಿಲ್ಲ. ಇಪ್ಪತ್ತರ ಪ್ರಾಯದಲ್ಲೂ ಉಪ್ಪಿನ ಮರಿಗೆಯ ಎದುರು ನಿಂತು ಉಪ್ಪೆಲ್ಲಿ ಎಂದು ಕೂಗಿದವನು. ಅವ್ವ ನಗುತ್ತಿದ್ದಳು. ಹೆಂಡತಿ ಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಮಾತಾಡದೆ ತಂದು ಕೈಗೆ ಕೊಡಲು ಕಲಿತಳು. ಈ ನಗೆಯಿಂದ ತಪ್ಪಿಸಿಕೊಳ್ಳಲು ನಾನೂ ಒಂದು ಉಪಾಯ ಕಲಿತೆ. ವಸ್ತು ಕಾಣದಾಗ "ಎಲ್ಲಿಟ್ಟೆ?" ಎಂದು ಕೇಳಿಕೊಳ್ಳುತ್ತಿರಲಿಲ್ಲ. "ಯಾರು ತೆಗೆದರು?" ಎಂದು ಕೇಳುತ್ತಿದ್ದೆ. ತಪ್ಪು ಬೇರೆಯವರದೆಂದರೆ ನಗುವವರು ಸುಮ್ಮನಾಗುತ್ತಾರಲ್ಲ?

ಈ ಸಲ ಆ ಪ್ರಶ್ನೆಗೆ ಸಿಕ್ಕಿದವನು ಹೊನ್ನ.

ಹೊನ್ನ ನಮ್ಮ ಅಂಕೋಲೆಗೆ ತಾಗಿದ ಕೇಣಿಯವನು. ಹದಿನೈದು ವರ್ಷ ನಮ್ಮ ಹಿತ್ತಲಿನ ಬೇಲಿ ಕಟ್ಟಿದವನು. ಈಚೆಗೆ ಒಂದು ಕಾಲು ಕುಂಟುತ್ತಿತ್ತು. ಒಮ್ಮೆ ನನ್ನ ಕೋಲನ್ನು ಹಿಡಿದು ನೋಡಿ, "ಇಂಥಾದೊಂದ ಇದ್ರೆ ನಾ ಗೋಕರ್ಣಕ್ಕೂ ನಡ್ದೇ ಹೋತಿದ್ದೆ, ಒಡೆಯಾ" ಎಂದು ನಕ್ಕಿದ್ದ. ಆ ನಗೆಯೇ ನನಗೆ ಪುರಾವೆಯಾಯಿತು. ಸಾಕ್ಷಿಯಿಲ್ಲದೆ ಯಾರನ್ನೂ ಅಪರಾಧಿ ಎನ್ನಲಾಗದು ಎಂದು ಮೂವತ್ತು ವರ್ಷ ನಕಲು ಬರೆದ ಕೈ ಇದು.

ದೇವಸ್ಥಾನದಲ್ಲಿ ಪ್ರಸಾದವನ್ನೂ ಕೇಳಿದೆ. ಭಟ್ಟರು ಮೂರ್ತಿಯ ಎರಡೂ ಬದಿಗೆ ಹೂವಿನ ಎಸಳು ಅಂಟಿಸಿ, ಕೋಲು ಮನೆಯೊಳಗಿದ್ದರೆ ಬಲಗಡೆಯದು ಬೀಳಲಿ ಎಂದು ಬೇಡಿಕೊಂಡರು. ಎಡಗಡೆಯದು ಬಿತ್ತು. ಮನೆಯೊಳಗಿಲ್ಲ. ಅಂದಮೇಲೆ ಕಳುವೇ ಎಂದು ತೀರ್ಮಾನಿಸಿಬಿಟ್ಟೆ. ದೇವರು ಹೇಳಿದ್ದು ಸರಿಯೇ ಇತ್ತು. ಹಿತ್ತಲಲ್ಲಿದೆಯೇ ಎಂದು ನಾನು ಕೇಳಲೇ ಇಲ್ಲ.

ಹೊನ್ನನನ್ನು ಕರೆಸಿ ಕೇಳಿದೆ. "ನಾ ತಕಂಡಿಲ್ಲಾ, ಒಡೆಯಾ" ಅಂದ. ಎರಡನೆಯ ಮಾತಾಡಲಿಲ್ಲ. ಅದೂ ಪುರಾವೆಯೇ ಆಯಿತು. ಆ ವಾರವೇ ಬರೆದೆ. ಹೆಸರು ಹಾಕಲಿಲ್ಲ (ನನ್ನ ಸಭ್ಯತೆ ನೋಡಿ). ಬೇಲಿ ಕಟ್ಟುವ, ಕುಂಟುವ ಕೇಣಿಯ ಮನುಷ್ಯ ಎಂದಷ್ಟೇ ಬರೆದೆ. ಕೇಣಿಯಲ್ಲಿ ಅಂಥವರು ಎಷ್ಟು ಜನ? ಅಂಕೋಲೆಯಲ್ಲಿ ಒಬ್ಬರೂ ಅವನನ್ನು ಹಿತ್ತಲೊಳಗೆ ಬಿಡಲಿಲ್ಲ. ದೀಪಾವಳಿಗೆ ಮೊದಲೇ ಊರು ಬಿಟ್ಟು ಕಿನ್ನರದಲ್ಲಿರುವ ಮಗಳ ಮನೆ ಸೇರಿದ.

ಗುರುವಾರ ಮೋಟಾರು ಹತ್ತಿ ಕಾರವಾರಕ್ಕೆ, ಅಲ್ಲಿಂದ ಕಿನ್ನರಕ್ಕೆ ಹೋದೆ. ಕೋಲನ್ನು ಪಾಲಿಶ್ ಮಾಡಿ ಒಯ್ದಿದ್ದೆ, ಅವನಿಗೇ ಕೊಟ್ಟುಬಿಡೋಣವೆಂದು. ಹೊನ್ನ ಅಂಗಳದಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಏಳದೆ ಕೂತಿದ್ದರೆ ನನಗೆ ಹಗುರವಾಗುತ್ತಿತ್ತು.

"ಕೋಲ ಸಿಕ್ತಾ, ಒಡೆಯಾ?"

"ಸಿಕ್ತು. ಬಸಳೆ ಚಪ್ಪರಕ್ಕೆ ನಾನೇ ಊರಿದ್ದೆ. ತಪ್ಪಾಯ್ತು, ಹೊನ್ನಾ. ಇದು ಇನ್ನು ನಿಂದು."

ಅವನು ಕೈ ಚಾಚಲಿಲ್ಲ. "ಅದ್ನ ಊರ್ಕಂಡು ನಾ ರಸ್ತೆ ಮೇಲೆ ಹೋದ್ರೆ ನೋಡ್ದವ್ರು ಎಂತಾ ಹೇಳೂರು? ಕದ್ದದ್ದು ಹೌದೇ ಆಗಿತ್ತು ಅಂಬೂರು."

ಒಳಗಿನಿಂದ ಅವನ ಮಗಳ ದನಿ ಬಂತು. "ಅಪ್ಪಾ, ಒಡೇರಿಗೆ ಬೆಲ್ಲ ನೀರ ಕೊಡ್ತೆ. ಹೋಗೂಕ ಮುಂಚೆ ಅವ್ರ ಕೊಡೆ, ಚಾಳೀಸು ಎಲ್ಲಾ ಅದ್ಯಾ ನೋಡ್ಕಳ್ಳೂಕೆ ಹೇಳು."

ಹೊನ್ನ ಅವಳನ್ನು ಗದರಿದ. ಬೇಡ ಎಂದೆ. ಆ ಮಾತು ನನಗೆ ಸಲ್ಲಬೇಕಾದದ್ದೇ. ಬೆಲ್ಲ ನೀರನ್ನೂ ಕುಡಿದೆ.

"ಊರಿಗೆ ಬಾ, ಹೊನ್ನಾ. ನಾನೇ ಮನೆಮನೆಗೆ ಹೋಗಿ ಹೇಳ್ತೇನೆ."

"ಬಾಯಲ್ಲಿ ಹೇಳ್ರೆ ಹೋತದ್ಯಾ, ಒಡೆಯಾ? ಪೇಪರಲ್ಲಿ ಬಂದದ್ದು." ಮತ್ತೆ ಕೂತು ಗರಿ ಎಳೆದುಕೊಂಡ.

ಅದಕ್ಕೇ ಈ ಸಲ ಹೆಸರು ಹಾಕಿ ಬರೆದಿದ್ದೇನೆ. ಕೇಣಿಯ ಹೊನ್ನ ಕದ್ದಿಲ್ಲ. ಸುಳ್ಳು ಬರೆದವನು ನಾನು. ಕೋಲನ್ನು ಮತ್ತೆ ಬಸಳೆಯ ಬುಡದಲ್ಲೇ ಊರಿದ್ದೇನೆ. ಈಗ ದಿನಾ ಕಾಣುತ್ತದೆ.

ಹೊನ್ನನಿಗೆ ಓದಲು ಬರುವುದಿಲ್ಲ. ನನ್ನ ಆವತ್ತಿನ ಬರಹವನ್ನು ಕೇಣಿಯ ತನಕ ಹೋಗಿ ಅವನೆದುರೇ ಓದಿ ಹೇಳಿದವರು ನಾಲ್ಕೈದು ಮಂದಿಯಂತೆ. ಇದನ್ನು ಓದಿ ಹೇಳಲು ನಿಮ್ಮಲ್ಲಿ ಒಬ್ಬರಾದರೂ ಕಿನ್ನರದ ತನಕ ಹೋಗುವಿರಾ?