ತಮ್ಮನ ಸುಟ್ಟ ಅಂಗೈ

ನನ್ನ ಹೆಂಡತಿಯ ಕಾಲ್ಗೆಜ್ಜೆಗೆ ನಾನು ತೆತ್ತ ಬೆಲೆ ನನ್ನ ತಮ್ಮ. ಸುತ್ತಿ ಬಳಸಿ ಹೇಳುವುದಿಲ್ಲ — ಆ ಬೆಳ್ಳಿ ನಮ್ಮ ಮನೆದೇವಿಯದು. ನಾನೇ ಕದ್ದೆ, ನಾನೇ ಕರಗಿಸಿದೆ. ಅಪರಾಧ ಹೊತ್ತವನು ತಮ್ಮ ಮುನಿಯ.

ನಾವು ಹಕ್ಕಿಪಿಕ್ಕಿಗಳು. ನಮ್ಮ ದೇವಿಗೆ ಗುಡಿಯಿಲ್ಲ, ಬಟ್ಟೆಯ ಗಂಟಿನಲ್ಲಿರುತ್ತಾಳೆ. ಅಂಗೈಯಗಲದ ಬೆಳ್ಳಿ ಮೂರ್ತಿ, ಹಿರಿಯರ ಕಾಲದ ಪೂಜೆಯ ಬಟ್ಟೆ — ಅಷ್ಟೇ. ಹಿರಿಯ ಮಗ ಅದನ್ನು ಕಾಯಬೇಕು; ವರ್ಷದ ಪೂಜೆಗಲ್ಲದೆ ಬಿಚ್ಚುವಂತಿಲ್ಲ. ಅಪ್ಪ ಸತ್ತ ಮೇಲೆ ಅದು ನನ್ನ ಕೈಗೆ ಬಂತು.

ಮುಸಲ್ಮಾನನಾದದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದ ಕಾಲ. ಸೂಜಿ, ಮಣಿಸರ ಮಾರುತ್ತ ಅಲೆಯುವ ನನ್ನನ್ನು ಊರಲ್ಲಿ ಕಳವಾದಾಗಲೆಲ್ಲ ಠಾಣೆಗೆ ಎಳೆದೊಯ್ಯುತ್ತಿದ್ದರು. ಊರಿಗಾಂನ ಗುಜರಿ ಅಂಗಡಿಯ ಯಜಮಾನರು ಕೆಲಸ ಕೊಟ್ಟರು, ತಮ್ಮ ತಟ್ಟೆಯಲ್ಲೇ ಅನ್ನ ಹಂಚಿಕೊಂಡರು. ಮಸೀದಿಯ ಸಾಲಿನಲ್ಲಿ ನಿಂತರೆ ಪಕ್ಕದವನು ದೂರ ಸರಿಯಲಿಲ್ಲ. ಅಲ್ಲಿ ಹುಟ್ಟಿದ ನಂಬಿಕೆ ನಿಜವಾದದ್ದೇ. ಆದರೆ ಕಲಿಮಾ ಹೇಳಿಸುವ ಮುನ್ನ ಮಸೀದಿಯ ಹಜರತ್ ಕೇಳಿದ್ದರು: "ಯಾರಾದ್ರೂ ನಂಬಿ ಇಟ್ಟ ಅಮಾನತ್ ನಿನ್ ಕೈಯಾಗಿದ್ರೆ ಕೊಟ್ಬುಟ್ಟು ಬಾರಪ್ಪ. ಅವರ ದೇವರು ಯಾರು ಅಂತ ನೋಡ್ಬೇಡ."

ಏನೂ ಇಲ್ಲ ಅಂದೆ.

ಯಜಮಾನರ ಮಗಳೊಂದಿಗೆ ನಿಕಾಹ್ ಗೊತ್ತಾಗಿತ್ತು. ಅವರು ಏನನ್ನೂ ಕೇಳಿರಲಿಲ್ಲ. ಬರಿಗೈಯಲ್ಲಿ ಬಂದ ಅಲೆಮಾರಿ ಅನ್ನಿಸಿಕೊಳ್ಳಬಾರದೆಂಬುದು ನನ್ನದೇ ಹಟ. ಬಂಗಾರಪೇಟೆಯ ಅಕ್ಕಸಾಲಿಗ ದೇವಿಯ ಮೂರ್ತಿ ನೋಡಿ, "ದೇವ್ರು ಕಣಯ್ಯ ಇದು, ಬ್ಯಾಡ" ಅಂದ. ಚೌಕಾಸಿಯಲ್ಲಿ ಸೋತವನಲ್ಲ ನಾನು — ಅವನನ್ನೂ ಒಪ್ಪಿಸಿ ಗೆಜ್ಜೆ ಮಾಡಿಸಿದೆ. ಗಂಟಿನೊಳಗೆ ಅಷ್ಟೇ ತೂಗುವ ಕಬ್ಬಿಣದ ತುಂಡು ಸುತ್ತಿಟ್ಟು ಮುನಿಯನಿಗೆ ಕೊಟ್ಟೆ. "ಇನ್ಮೇಲೆ ನೀನೇ ಕಾಯ್ಬೇಕು ಕಣ್ಲಾ." ಎರಡೂ ಕೈಯೊಡ್ಡಿ ತೆಗೆದುಕೊಂಡ.

ವರ್ಷದ ಪೂಜೆಯಲ್ಲಿ ಕುಲದವರೆದುರು ಗಂಟು ಬಿಚ್ಚಿದರು. ಒಳಗೆ ಕಬ್ಬಿಣದ ತುಂಡು. ತಿಂಗಳುಗಟ್ಟಲೆ ಅವನ ಮನೆಯಲ್ಲಿದ್ದ ಗಂಟು. ಮೇಲಾಗಿ ಅವನಿಗೆ ಕುಡಿತವಿತ್ತು. ಹಿರಿಯರು ನನ್ನ ಬಳಿಗೂ ಬಂದರು. "ನಾನೀಗ ವಿಗ್ರಹ ಮುಟ್ಟೋನಲ್ಲ, ನನ್ನನ್ಯಾಕೆ ಕೇಳ್ತೀರಾ?" ಅಂದೆ. ಪುಣ್ಯಾತ್ಮನ ಹಾಗೆ ಟೋಪಿ ಸರಿಮಾಡಿಕೊಂಡೆ.

ಆಗ ನಮ್ಮ ಪಂಚಾಯ್ತಿಯಲ್ಲಿ ಒಂದು ಪದ್ಧತಿಯಿತ್ತು — ಕಾದ ಕಬ್ಬಿಣ ಹಿಡಿದು ನಡೆಯಬೇಕು. ತಪ್ಪಿಲ್ಲದವನ ಕೈಯನ್ನು ದೇವಿ ಸುಡಗೊಡುವುದಿಲ್ಲ. ಮುನಿಯ ನಗುತ್ತಲೇ ಮುಂದೆ ಬಂದನಂತೆ. ಹೆದರುವುದೇನಿತ್ತು ಅವನಿಗೆ, ಅವನು ಕದ್ದೇ ಇರಲಿಲ್ಲವಲ್ಲ —

ಕೈ ಸುಟ್ಟಿತು. ಕುಲದಿಂದ ಹೊರಗೆ ಹಾಕಿದರು.

ಅಂಗೈಗೆ ಬಟ್ಟೆ ಸುತ್ತಿಕೊಂಡು ಅಂಗಡಿಗೆ ಬಂದ. ಜಗಳಕ್ಕೆ ಬಂದನೆಂದು ನಾನು ಮಾತು ಸಿದ್ಧ ಮಾಡಿಕೊಂಡಿದ್ದೆ. ಅವನು ಕೇಳಿದ್ದು ಇಷ್ಟೇ: "ಅಣ್ಣಾ, ನನ್ ಕೈ ಯಾಕ್ ಸುಡ್ತು?"

ನಾನು ಟೀಗೆ ಹೇಳಿಕಳಿಸಿದೆ.

"ಕುಡ್ದ ಮತ್ತಲ್ಲಿ ನಾನೇ ಮಾರ್ಬುಟ್ನೇನೋ... ಗ್ಯಾಪಕನೇ ಬರ್ತಿಲ್ಲ. ನಮ್ ದೇವಿ ಸುಳ್ಳು ಏಳ್ತಾಳಾ?"

ಒಂದು ಮಾತು ಸಾಕಿತ್ತು. ನಾನಂದದ್ದು — "ಓಗ್ಲಿ ಬಿಡ್ಲಾ. ಟೀ ಕುಡಿ."

ಆ ಕೈ ಮತ್ತೆ ಸರಿಯಾಗಿ ಮಡಚಲು ಬರಲಿಲ್ಲ. ಬಂಗಾರಪೇಟೆ ಸ್ಟೇಷನ್ ಹೊರಗೆ ಎಡಗೈಯಲ್ಲೇ ಪಿನ್ನು, ಬಾಚಣಿಗೆ ಮಾರುತ್ತಿದ್ದ. ಹೇಳಿಬಿಡಬೇಕೆಂದು ಎಷ್ಟೋ ಸಲ ರೈಲು ಹತ್ತಿದೆ. ಪ್ಲಾಟ್‌ಫಾರಂನಿಂದಲೇ ನೋಡಿ ಹಿಂತಿರುಗಿದೆ. ಮಗಳ ಮದುವೆಯಾಗಲಿ, ಅಂಗಡಿ ಕಾಲೂರಲಿ, ಆಮೇಲೆ — ಕಳೆದ ಬೇಸಿಗೆಯಲ್ಲಿ ಅವನು ಸತ್ತ. ತಾನೇ ಕಳ್ಳನೆಂದು ನಂಬಿಕೊಂಡೇ ಸತ್ತ. ಕುಲದವರು ಹೆಗಲು ಕೊಡಲಿಲ್ಲ. ಈಗ ದುವಾ ಬೇಡಲು ಕೈಯೆತ್ತಿದರೆ ಒಂದು ಗಾಯವೂ ಇಲ್ಲದ ನನ್ನ ಅಂಗೈಗಳೇ ಕಾಣುತ್ತವೆ. ಏನು ಬೇಡಲಿ?

ನಿನ್ನೆ ಹೆಂಡತಿಗೆ ಹೇಳಿದೆ. ಗೆಜ್ಜೆ ಬಿಚ್ಚಿ ನನ್ನ ಮುಂದಿಟ್ಟಳು. ನಾಳೆ ಮುನಿಯನ ಹೆಂಡತಿಯ ಮುಂದೆ, ಪಂಚಾಯ್ತಿಯ ಮುಂದೆ ನಿಂತು ಕದ್ದವನು ನಾನೆಂದು ಹೇಳುತ್ತೇನೆ. ಅವನ ಮಕ್ಕಳು ಇನ್ನೂ ಕುಲದ ಹೊರಗಿದ್ದಾರೆ. ಕ್ಷಮೆ ಕೇಳಲು ಹೋಗುತ್ತಿಲ್ಲ. ಅದನ್ನು ಕೊಡಬೇಕಾದವನೇ ಇಲ್ಲ.

ಓದುವವರೇ, ನೀವು ಯಾವ ದೇವರ ಕಡೆಗಾದರೂ ಹೋಗಿ, ಅದು ನಿಮ್ಮಿಷ್ಟ. ಹೊರಡುವ ಮೊದಲು ನಿಮ್ಮದಲ್ಲದ್ದನ್ನು ನಾಲ್ಕು ಜನರೆದುರು ಬಿಚ್ಚಿ ತೋರಿಸಿ ಒಪ್ಪಿಸಿ. ಆಗಲೇ ತಪ್ಪು ಮಾಡಿಬಿಟ್ಟಿದ್ದರೆ ಒಳ್ಳೆಯ ದಿನ ನೋಡಬೇಡಿ, ಮಾತು ಜೋಡಿಸುತ್ತ ಕೂರಬೇಡಿ. ಆ ಮನುಷ್ಯ ಇನ್ನೂ ಬದುಕಿದ್ದಾನೆಯೇ? ಹಾಗಾದರೆ ಈ ಹಾಳೆ ಕೆಳಗಿಡಿ. ಚಪ್ಪಲಿ ಮೆಟ್ಟಿಕೊಳ್ಳಿ.