ಅಡಗಿದ್ದ ಹಕ್ಕಿಗಳನ್ನು ಹೊರಗೆ ಕರೆದ ಕಂಪ್ಯೂಟರ್ ದಾದಿ

ಬೆಳಗಿನ ಆರೂಕಾಲು. ಮೂರನೇ ಮಹಡಿಯ ಮನೆಯಲ್ಲಿ ನಿವೃತ್ತ ಅಂಚೆಯಣ್ಣ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೌಸಿನ ಮೇಲೆ. "ಫಾರ್ಮ್ಯಾಟ್ ಮಾಡಿಬಿಡಿ ಭಾವ, ಎಲ್ಲ ಸರಿಹೋಗುತ್ತೆ" ಎಂದು ಆ ಕಡೆಯಿಂದ ಭಾವಮೈದುನ ಧೈರ್ಯ ತುಂಬುತ್ತಿದ್ದಾನೆ. ಅಷ್ಟರಲ್ಲಿ ಬಾಗಿಲಿನಿಂದ ಏದುಸಿರಿನ ದನಿಯೊಂದು ಕೇಳುತ್ತದೆ.

"ಅಣ್ಣಾ, ಮೊದಲು ಮೌಸಿಂದ ಕೈ ತೆಗೀರಿ."

ಐವತ್ತೆರಡರ ಈ ಹೆಂಗಸನ್ನು ಸುತ್ತಲಿನ ನಾಲ್ಕು ಬೀದಿಯವರು ಕರೆಯುವುದೇ ಕಂಪ್ಯೂಟರ್ ದಾದಿ ಎಂದು. ಚಪ್ಪಲಿ ಬಿಡುತ್ತಾರೆ, ಕೈ ತೊಳೆಯುತ್ತಾರೆ, ಗೋಡೆಯ ಬಳಿ ಹೋಗಿ ಇಂಟರ್‌ನೆಟ್ ವಯರು ಕೀಳುತ್ತಾರೆ. ಆಮೇಲೇ ಕುರ್ಚಿ. ಸೋಂಕು ತಗುಲಿದವರನ್ನು ಮೊದಲು ಬೇರೆ ಕೋಣೆಗೆ ಹಾಕಬೇಕು, ಔಷಧಿ ಆಮೇಲೆ. ಹದಿನಾಲ್ಕು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದಾಗ ಕಲಿತ ಈ ಪಾಠವನ್ನು ಅವರು ಇಲ್ಲೂ ಬಿಟ್ಟಿಲ್ಲ.

ಅಂಚೆಯಣ್ಣನ ಸಂಕಟ ದೊಡ್ಡದು. ಕಾಗದ ಹಂಚುತ್ತ ಬೀದಿ ಸುತ್ತುವಾಗಲೇ ಅಂಟಿದ ಹುಚ್ಚು, ಹತ್ತೊಂಬತ್ತು ವರ್ಷದಿಂದ ಹಕ್ಕಿಗಳ ಕೂಗು ರೆಕಾರ್ಡ್ ಮಾಡುತ್ತಿದ್ದಾರೆ. ಎಲ್ಲವೂ ಕಂಪ್ಯೂಟರಿಗೆ ಸದಾ ಸಿಕ್ಕಿಸಿಯೇ ಇರುವ ಒಂದೇ ಡಿಸ್ಕಿನಲ್ಲಿ. ನಿನ್ನೆ ಸಂಜೆ ನೋಡಿದರೆ ಫೋಲ್ಡರುಗಳ ಜಾಗದಲ್ಲೆಲ್ಲ ಮೂಲೆಯಲ್ಲೊಂದು ಪುಟ್ಟ ಬಾಣವಿರುವ ಚಿತ್ರಗಳು. ಒತ್ತಿದರೆ ಒಂದು ಹಕ್ಕಿಯೂ ಇಲ್ಲ.

"ಎಲ್ಲ ಹೋಯ್ತಮ್ಮ. ಇನ್ನೊಂದು ಕಡೆ ಇಟ್ಟುಕೊಂಡಿಲ್ಲ. ಅದರಲ್ಲಿ ಕೆಲವು ಹಕ್ಕಿ ಈಗ ಈ ಕಡೆ ಬರೋದೂ ಇಲ್ಲ" ಎನ್ನುತ್ತಾರೆ ಅಂಚೆಯಣ್ಣ.

ದಾದಿ ಪರದೆಯ ಮೇಲೆ ಒಂದು ಕಡೆ ಬೆರಳಿಡುತ್ತಾರೆ. "ಇಲ್ಲಿ ನೋಡಿ. ಡಿಸ್ಕು ಮುಕ್ಕಾಲು ತುಂಬಿದೆ ಅಂತಿದೆ. ಡಬ್ಬ ಖಾಲಿ ಕಾಣುತ್ತೆ, ಎತ್ತಿದ್ರೆ ಭಾರ ಇದೆ. ಅಂದ್ರೆ ಒಳಗಿರೋದು ಹೋಗಿಲ್ಲ, ಯಾರೋ ಬಚ್ಚಿಟ್ಟಿದ್ದಾರೆ. ನೀವು ಫಾರ್ಮ್ಯಾಟ್ ಒತ್ತಿ ಇಡೀ ಡಿಸ್ಕು ಒರೆಸಿಬಿಟ್ಟಿದ್ರೆ ಮಾತ್ರ ನಿಜವಾಗಲೂ ಕಷ್ಟ ಆಗ್ತಿತ್ತು."

ಭಾವಮೈದುನನ ಫೋನು ಸದ್ದಿಲ್ಲದೆ ಕಟ್ಟಾಗುತ್ತದೆ.

ದಾದಿ ಹುಳ ಎಂದು ಕರೆಯುವ ಈ ಜಾತಿಯ ಕೆಟ್ಟ ತಂತ್ರಾಂಶಕ್ಕೆ ಇದೇ ಚಾಳಿ. ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ವೇಷಧಾರಿಯನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ನಾವು ನಮ್ಮದೇ ಎಂದು ನಂಬಿ ಒತ್ತಿದರೆ ಕಳ್ಳನಿಗೆ ಬಾಗಿಲು ತೆಗೆದ ಹಾಗೆ. "ಎಲ್ಲ ಹುಳ ಇಷ್ಟು ಸಾಧು ಅಲ್ಲ. ಕೆಲವು ಕಡತಕ್ಕೇ ಬೀಗ ಹಾಕಿ ದುಡ್ಡು ಕೇಳ್ತವೆ. ಆಗ ನಾನೂ ಕೈ ಚೆಲ್ಲಿದ್ದಿದೆ" ಎನ್ನುತ್ತಾರೆ ದಾದಿ. ತಮ್ಮಿಂದ ಆಗದ್ದನ್ನು ಹೇಳುವುದಕ್ಕೆ ಅವರಿಗೆ ನಾಚಿಕೆಯಿಲ್ಲ.

ಕೊರಳಲ್ಲಿ ನೇತಾಡುವ ಪೆನ್‌ಡ್ರೈವ್ ತೆಗೆದು, ಅದರ ಪಕ್ಕದ ಗುಂಡಿಯನ್ನು ಎರಡೆರಡು ಸಲ ಮುಟ್ಟಿ ನೋಡುತ್ತಾರೆ. ಆ ಗುಂಡಿ ಸರಿಸಿದರೆ ಹೊರಗಿನದು ಯಾವುದೂ ಅದರೊಳಗೆ ನುಗ್ಗಲಾರದು. ಇಷ್ಟು ಜಾಗ್ರತೆಯ ಹಿಂದೆ ಒಂದು ಕತೆಯಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಆಸ್ಪತ್ರೆಯ ಕಂಪ್ಯೂಟರ್ ನೋಡಲು ವಾರಕ್ಕೊಮ್ಮೆ ಬರುತ್ತಿದ್ದ ರಿಪೇರಿಯವರ ಬೆನ್ನ ಹಿಂದೆ ನೆಲ ಒರೆಸುತ್ತಲೇ ಇವರು ವಿದ್ಯೆ ಕಲಿತವರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುವುದನ್ನು ಕಂಡು ಆ ಪುಣ್ಯಾತ್ಮ ನಕ್ಕು, ಕೈಗೆ ಸ್ಕ್ರೂಡ್ರೈವರ್ ಕೊಟ್ಟರಂತೆ. ವಾರ್ಡು ಮುಚ್ಚಿ ಕೆಲಸ ಹೋದಾಗ ಇದೇ ಅನ್ನವಾಯಿತು.

ಮೊದಲ ವರ್ಷವೇ ಎಡವಟ್ಟು. ಒಂದೇ ಬೀದಿಯ ಹನ್ನೊಂದು ಮನೆಯಲ್ಲಿ ಒಂದೇ ಹುಳ. ಎಲ್ಲಿಂದ ಬಂತೆಂದು ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಇವರದೇ ಪೆನ್‌ಡ್ರೈವಿನಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. "ಒಬ್ಬ ರೋಗಿಯನ್ನ ಮುಟ್ಟಿದ ಕೈ ತೊಳೀದೆ ಇನ್ನೊಬ್ಬರನ್ನ ಮುಟ್ಟಬಾರದು ಅಂತ ಆಯಾಗೆ ಹೇಳಿಕೊಡಬೇಕಾ? ಮರೆತಿದ್ದೆ. ಹನ್ನೊಂದು ಬಾಗಿಲು ತಟ್ಟಿ, ತಪ್ಪು ನನ್ನದೇ ಅಂತ ಹೇಳಿ ಸರಿಮಾಡಿ ಬಂದೆ. ಇಬ್ಬರು ಬೈದರು, ಒಂಬತ್ತು ಮನೆಯವರು ಕಾಫಿ ಕೊಟ್ಟರು." ಬೈದ ಇಬ್ಬರೂ ಈಗ ಇವರನ್ನೇ ಕರೆಯುತ್ತಾರೆ.

ಕಷ್ಟಗಳು ಬೇರೆಯೂ ಇವೆ. ದಿನಕ್ಕೆ ನಾಲ್ಕೈದು ಮನೆ, ನೂರೈವತ್ತಕ್ಕೆ ಕಡಿಮೆಯಿಲ್ಲದ ಮೆಟ್ಟಿಲು, ಹಟ ಹಿಡಿದ ಮಂಡಿ. ಮನೆಯವರು ಕೆಲಸಕ್ಕೆ ಹೊರಡುವ ಮುನ್ನ ಮುಗಿಸಬೇಕಾದ್ದರಿಂದ ಬೆಳಕು ಹರಿಯುವಾಗಲೇ ಮೊದಲ ಮನೆ. ಬಾಗಿಲು ತೆಗೆದವರು ಈಗಲೂ ಇವರ ಹಿಂದೆ ಇಣುಕಿ "ರಿಪೇರಿಯವರು ಬರಲಿಲ್ವಾ?" ಎಂದು ಕೇಳುವುದುಂಟು. "ಅವರು ಬರೋದು ತಡ. ಅಲ್ಲೀವರೆಗೆ ನಾನೇ ಸ್ವಲ್ಪ ನೋಡ್ತಿರ್ತೀನಿ" ಎಂದು ಒಳಗೆ ನುಗ್ಗುವುದು ಇವರ ಉಪಾಯ.

ಮುಕ್ಕಾಲು ಗಂಟೆಯಲ್ಲಿ ಕಂಪ್ಯೂಟರನ್ನೂ ಡಿಸ್ಕನ್ನೂ ತಪಾಸಣೆ ಮಾಡಿ ಹುಳವನ್ನು ಹೊರಹಾಕುತ್ತಾರೆ. ಬಾಣದ ಚಿತ್ರಗಳೆಲ್ಲ ಅಳಿಸಿಹೋದ ಮೇಲೆ ಮರೆಯಾದದ್ದನ್ನು ತೋರಿಸುವ ಒಂದು ಸಾಲು ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಬರಿದಾಗಿದ್ದ ಪರದೆಯ ಮೇಲೆ ಫೋಲ್ಡರುಗಳು ಒಂದೊಂದಾಗಿ ಮೂಡುತ್ತವೆ. ಅಂಚೆಯಣ್ಣ ಉಸಿರು ಬಿಗಿಹಿಡಿದು ಒಂದನ್ನು ತೆರೆಯುತ್ತಾರೆ.

ಕೋಣೆಯ ತುಂಬ ಹಕ್ಕಿಯೊಂದರ ಸಿಳ್ಳು. ಅದರ ಬೆನ್ನಿಗೇ, ಎಲ್ಲೋ ದೂರದಿಂದ ಹೆಂಗಸಿನ ಕೂಗು: "ತಿಂಡಿ ಆರ್ತಾ ಇದೆ, ಬರ್ತೀರೋ ಇಲ್ವೋ?"

ಅಡುಗೆಮನೆಯಿಂದ ಓಡಿಬಂದ ಅಂಚೆಯಣ್ಣನ ಹೆಂಡತಿ ಬಾಗಿಲಲ್ಲೇ ನಿಂತು ತಮ್ಮದೇ ದನಿ ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಇನ್ನೊಂದು ಹಾಕಿದರೆ ಅದರಲ್ಲೂ ಅವರೇ, ಮತ್ತೊಂದರಲ್ಲೂ ಅವರೇ. "ಇಷ್ಟು ವರ್ಷ ನನ್ನ ಮಾತು ಇವರ ಕಿವಿಗೆ ಬೀಳ್ತಿಲ್ಲ ಅಂದ್ಕೊಂಡಿದ್ದೆ. ಹಿಡಿದು ಡಬ್ಬದಲ್ಲಿ ಇಟ್ಟಿದ್ದಾರಲ್ಲ" ಎನ್ನುತ್ತಾರೆ. ಅಂಚೆಯಣ್ಣ ನಗುತ್ತ ಕಣ್ಣೊರೆಸಿಕೊಳ್ಳುತ್ತಾರೆ. ಹೋದ ಜೀವ ಬಂದಂತಾಗಿದೆ, ಅದನ್ನು ಅಡಗಿಸಿಕೊಳ್ಳುವ ಗೋಜಿಗೂ ಅವರು ಹೋಗುವುದಿಲ್ಲ.

ದಾದಿ ಮಾತ್ರ ವಿಚಾರಣೆಗಿಳಿಯುತ್ತಾರೆ. ಹಕ್ಕಿಗಳ ಪಟ್ಟಿ ಮುದ್ರಿಸಲು ಅಂಚೆಯಣ್ಣ ತಮ್ಮ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಒಯ್ದದ್ದು, ತಂದು ಹಾಗೇ ಚುಚ್ಚಿದ್ದು ಹೊರಬೀಳುತ್ತದೆ. ಅದನ್ನೂ ಇಸಿದುಕೊಂಡು ಶುಚಿಮಾಡುತ್ತಾರೆ. "ಅಂಗಡಿಯವರಿಗೆ ಗೊತ್ತೇ ಇರಲ್ಲ ಪಾಪ. ಹೋಗ್ತಾ ಅವರದ್ದೂ ನೋಡ್ತೀನಿ, ಇಲ್ಲದಿದ್ರೆ ನಾಳೆ ಇನ್ನೊಂದು ಮನೆ" ಎನ್ನುತ್ತಾರೆ. ಆಮೇಲೆ ವಯರು ಸಿಕ್ಕಿಸಿ, ಏಳು ತಿಂಗಳಿಂದ "ಆಮೇಲೆ, ಆಮೇಲೆ" ಎಂದು ಮುಂದೂಡಿದ್ದ ಅಪ್‌ಡೇಟನ್ನು ಶುರುಮಾಡುತ್ತಾರೆ. ಹೊಸ ಪಾಸ್‌ವರ್ಡ್ ಬರೆಯುವ ಸಮಯಕ್ಕೆ ಕುರ್ಚಿ ತಿರುಗಿಸಿ ಗೋಡೆಗೆ ಮುಖಮಾಡಿ ಕೂರುತ್ತಾರೆ. ಯಾವ ಮನೆಯಲ್ಲಾದರೂ ಇದೇ ಪದ್ಧತಿ. "ಬೀಗದ ಕೈ ನಿಮ್ಮದು. ನಾನು ಕೇಳಿದ್ರೂ ಹೇಳಬೇಡಿ. ಫೋನ್ ಮಾಡಿ ಕೇಳೋರಿಗಂತೂ ಹೇಳಲೇಬೇಡಿ."

ತಮ್ಮ ಚೀಲದಿಂದ ತೆಗೆದ ಎರಡನೇ ಡಿಸ್ಕಿಗೆ ಎಲ್ಲ ನಕಲಾಗುವವರೆಗೂ ಅವರು ಏಳುವುದಿಲ್ಲ. ಮುಗಿದೊಡನೆ ಅದನ್ನು ಕಿತ್ತು ಅಂಚೆಯಣ್ಣನ ಹೆಂಡತಿಯ ಕೈಗಿಡುತ್ತಾರೆ. "ಇದು ಬೀರುವಿನಲ್ಲೇ ಇರಲಿ ಅಕ್ಕ. ತಿಂಗಳಿಗೊಮ್ಮೆ ತೆಗೆದು ನಕಲು ಮಾಡಿ, ಮತ್ತೆ ಒಳಗಿಡಿ. ಯಜಮಾನರು ಕೇಳಿದ್ರೂ ಸಿಕ್ಕಿಸಿ ಬಿಡಬೇಡಿ."

ಕೂಲಿಯ ಮೇಲೆ ಇನ್ನೇನಾದರೂ ತೆಗೆದುಕೊಳ್ಳಲೇಬೇಕೆಂದು ಅಂಚೆಯಣ್ಣ ಪಟ್ಟು ಹಿಡಿಯುತ್ತಾರೆ. ದಾದಿ ಚಪ್ಪಲಿ ಮೆಟ್ಟುತ್ತ ಬೇರೊಂದನ್ನು ಕೇಳುತ್ತಾರೆ.

"ಹದಿನಾರು ವರ್ಷದಿಂದ ಬೆಳಕು ಹರಿಯೋ ಹೊತ್ತಿಗೆ ಯಾರ್‍ಯಾರದೋ ಪರದೆ ನೋಡ್ತಾ ಕೂತಿರ್ತೀನಿ. ಇಷ್ಟೆಲ್ಲ ಹಕ್ಕಿ ನಮ್ಮ ಬೀದೀಲೇ ಕೂಗುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ. ಒಂದು ಭಾನುವಾರ ನನ್ನನ್ನೂ ಕರ್ಕೊಂಡು ಹೋಗಿ ಅಣ್ಣಾ."

"ಬನ್ನಿ. ಆದರೆ ಮಾತಾಡಬಾರದು, ಕೆಮ್ಮಬಾರದು, ನೀವು ಇದ್ದೀರಿ ಅಂತ ಹಕ್ಕಿಗೆ ಗೊತ್ತಾಗಲೇಬಾರದು."

"ಅದೇನು ಮಹಾ" ಎಂದು ದಾದಿ ಮೆಟ್ಟಿಲಿಳಿಯಲು ಶುರುಮಾಡುತ್ತಾರೆ. "ನಾನು ಬಂದುಹೋದ ಗುರುತೇ ಉಳೀಬಾರದು. ಕೆಲಸ ನೆಟ್ಟಗಾಯ್ತು ಅನ್ನೋದಕ್ಕೆ ನಂಗೆ ಅದೇ ಸಾಕ್ಷಿ."